ಗಾಳಿಚೀಲ ಮತ್ತು ಐದನೇ ಸೀಟು

ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಉಚ್ಚೆಂಗೆಪ್ಪನ ಮನೆಯ ಜಗಳ ಒಳಗೇ ಮುಗಿದದ್ದನ್ನು ಕಂಡವರಿಲ್ಲ. ಅಡುಗೆಮನೆಯಲ್ಲಿ ಹುಟ್ಟಿ, ಪಡಸಾಲೆ ದಾಟಿ, ಕಟ್ಟೆಯ ಮೇಲೆ ಬಂದು ಕೂತರೇ ಅದಕ್ಕೆ ಸಮಾಧಾನ. ಆ ಭಾನುವಾರ ಮಾತ್ರ ಅದು ನೇರ ಬೀದಿಯಲ್ಲೇ ಹುಟ್ಟಿತು. ಜಗಳದ ಕಾರಣ ಬೀದಿಯಲ್ಲೇ ನಿಂತಿತ್ತಲ್ಲ!

ಅದು ಮಗ ಹುಲಿಗೇಶನ ಜೀಪು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು, ಹಳೆಯದಾದರೂ ಗಟ್ಟಿಮುಟ್ಟು. ಸಂಡೂರಿನ ಗುಡ್ಡ, ಹಂಪಿ ಎಂದು ಪ್ರವಾಸಿಗಳನ್ನು ಸುತ್ತಾಡಿಸಿ ಅವನು ಮನೆ ನಡೆಸುತ್ತಿದ್ದ. ಈ ಬೇಸಿಗೆಯಲ್ಲಿ ಗಿರಾಕಿಗಳಿಗೆ ರಜೆ ಕೊಟ್ಟು, ಮನೆಯ ಐವರೂ ಹಿಮಾಚಲಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿಸಿದವಳು ಅವನ ಹೆಂಡತಿ ಶಶಿರೇಖಾ. ಕುರುಗೋಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಅವಳಿಗೆ ವರ್ಷಾವರ್ಷ ಕಪ್ಪು ಹಲಗೆಯ ಮೇಲೆ ಹಿಮಾಲಯ ಬರೆದು ಬರೆದು ಸಾಕಾಗಿತ್ತು. ಹಿಮವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅವಳ ಆಸೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಪ್ರತಿ ಬೇಸಿಗೆಗೂ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಹೆರಿಗೆ, ಒಮ್ಮೆ ನಾದಿನಿಯ ಮದುವೆ, ಒಮ್ಮೆ ಅತ್ತೆಯ ಆಪರೇಷನ್ನು. ಈ ಸಲ ಬಿಡುವುದಿಲ್ಲವೆಂದು ಪಟ್ಟು ಹಿಡಿದಿದ್ದಳು.

ಹೊರಡಲು ಇನ್ನೂ ವಾರಗಟ್ಟಲೆ ಇತ್ತು. ಆದರೂ ಹಿಡಿಯುತ್ತದೋ ಇಲ್ಲವೋ ನೋಡೋಣವೆಂದು ಸಾಮಾನು ಹೇರಿದ್ದರು. ತಲೆಯ ಮೇಲೆ ಡೇರೆ, ಹಿಂದೆ ನೀರಿನ ಡ್ರಮ್ಮು, ಸಿಲಿಂಡರು, ಸ್ಟವ್ವು, ಹಾಸಿಗೆ, ಅತ್ತೆ ದುರ್ಗಾದೇವಿಯ ಡಬ್ಬಿಗಳು. ಗಾಡಿಯ ಹಿಂಭಾಗ ಮಲಗಿದ ಎಮ್ಮೆಯ ಹಾಗೆ ನೆಲಕ್ಕಿಳಿದಿತ್ತು. ಮುಂದಿನ ದೀಪಗಳು ಎದುರು ಮನೆಯ ಮಾಳಿಗೆ ನೋಡುತ್ತಿದ್ದವು.

“ಲೇ ಹುಲಿಗಿ, ಹಿಂಗ ಹೋದ್ರ ಎದುರಿಗೆ ಬರೋನ ಕಣ್ಣು ಕುಕ್ಕತೈತಿ, ನಿನಗ ರೋಡು ಕಾಣಂಗಿಲ್ಲ,” ಎಂದ ಉಚ್ಚೆಂಗೆಪ್ಪ. ಜೀವಮಾನವೆಲ್ಲ ಅದಿರಿನ ಲಾರಿ ಓಡಿಸಿದವನು. ಗಾಡಿಯ ವಿಷಯದಲ್ಲಿ ಅವನ ಮಾತು ಮನೆಯಲ್ಲಿ ವೇದವಾಕ್ಯ, ಕನಿಷ್ಠ ಅವನ ಪ್ರಕಾರ. “ಎರಡು ಪಾಟಾ ಹೆಚ್ಚಿಗಿ ಹಾಕ್ಸು. ಮುಗೀತು.”

ಪಾಟಾ ಎಂದರೆ ಚಕ್ರದ ಮೇಲೆ ಗಾಡಿಯನ್ನು ಹೊತ್ತು ಕೂರುವ ಬಾಗಿದ ಉಕ್ಕಿನ ಪಟ್ಟಿ.

“ಪಾಟಾ ಹಾಕ್ಸಿದ್ರ ಖಾಲಿ ಗಾಡಿ ಓಡ್ಸಾಗ ಕುಂತವರ ನಡ ಉಳೀತೈತೇನಪ್ಪ? ವರ್ಷಪೂರ್ತಿ ನನ್ನ ಗಿರಾಕಿ ಕುಂದ್ರಬೇಕಲ್ಲ. ಗಾಳಿಚೀಲ ಹಾಕ್ಸೋಣು. ಲೋಡ್ ಇದ್ದಾಗ ಗಾಳಿ ತುಂಬೋದು, ಇಲ್ದಾಗ ಬಿಡೋದು.”

“ಗಾಳಿ ನಂಬಿ ಹಿಮಾಲಯ ಹತ್ತೀಯೇನಲೇ? ರಬ್ಬರಂತ, ಚೀಲಂತ! ನಾನು ಉಕ್ಕು ನಂಬಿದಾವ.”

“ಟೈರಿನ್ಯಾಗ ಏನೈತಿ ತಾತ?” ಎಂದು ಒಂಬತ್ತನೇ ಕ್ಲಾಸಿನ ಮೊಮ್ಮಗಳು ಪೂಜಿತಾ ಕಟ್ಟೆಯ ಮೇಲಿಂದಲೇ ಕೇಳಿದಳು. “ಗಾಳೀನ ಅಲ್ಲೇನು?”

ಎದುರು ಮನೆಯವರೂ ನಕ್ಕರು. ಉಚ್ಚೆಂಗೆಪ್ಪ ಟವಲು ಕೊಡವಿಕೊಂಡು ಒಳಗೆ ಹೋದ.

ಆ ವಾದ ರೊಟ್ಟಿ, ಪುಂಡಿಪಲ್ಯದ ಮೇಲೆ ನಾಲ್ಕಾರು ದಿನ ನಡೆಯಿತು. ಕೊನೆಗೆ ಅಪ್ಪ ಮಗ ಇಬ್ಬರೂ ಸಿರುಗುಪ್ಪ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ರಾಮಾಂಜಿನಿಯ ಹತ್ತಿರ ಹೋದರು. ಶಶಿರೇಖಾಳೂ ಹೋದಳು, ಅವಳು ಹೋಗದಿದ್ದರೆ ಇಬ್ಬರೂ ಒಂದೇ ಗಾಡಿಯಲ್ಲಿ ವಾಪಸ್ಸು ಬರುವ ಭರವಸೆ ಇರಲಿಲ್ಲ.

ರಾಮಾಂಜಿನಿ ಎರಡು ಬಗೆ ತೋರಿಸಿದ. ಎರಡರಲ್ಲೂ ಹಿಂದಿನ ಅಚ್ಚಿನ ಮೇಲೆ, ಗಾಡಿಯ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯ ಕೆಳಗೆ, ಎಡಬಲಕ್ಕೊಂದೊಂದು ರಬ್ಬರಿನ ಚೀಲ. ಒಂದರಲ್ಲಿ ಎರಡು ಚೀಲಕ್ಕೂ ಸೇರಿ ಒಂದೇ ಪೈಪು. ಇನ್ನೊಂದರಲ್ಲಿ ಪ್ರತಿ ಚೀಲಕ್ಕೂ ಬೇರೆ ಪೈಪು, ಬೇರೆ ವಾಲ್ವು.

“ಒಂದ ಪೈಪಿಂದು ಸಾಕು. ಗಾಳಿ ತುಂಬಾಕ ಸಲೀಸು,” ಎಂದ ಹುಲಿಗೇಶ್.

ಅಲ್ಲಿಯವರೆಗೆ ಮುಖ ತಿರುಗಿಸಿ ಕೂತಿದ್ದ ಉಚ್ಚೆಂಗೆಪ್ಪ ಎದ್ದು ಬಂದು ಚೀಲ ಹಿಚುಕಿ ನೋಡಿದ. “ಗಾಡಿ ಬಲಕ್ಕ ತಿರುಗಿದ್ರ ಭಾರ ಎಡಕ್ಕ ಬೀಳತೈತಿ. ಎಡದ ಚೀಲದ ಗಾಳಿ ಆ ಪೈಪಿನಾಗ ಬಲಕ್ಕ ಓಡಿದ್ರ? ಎಡಗಡೆ ಇನ್ನಾ ಕುಸೀತೈತಿ, ಬಲಗಡೆ ಇನ್ನಾ ಏಳತೈತಿ. ಘಾಟಿನ್ಯಾಗ ಇದು ಗಾಡಿ ಮಗುಚೋ ಕೆಲಸ. ಬ್ಯಾರೆ ಬ್ಯಾರೆ ಪೈಪಿಂದ ಹಾಕ್ಸು.”

“ಖರೆ ಉಚ್ಚೆಂಗಣ್ಣ,” ಎಂದ ರಾಮಾಂಜಿನಿ. ಮಗ ಒಪ್ಪಿದ. ಚೀಲ ಮಗನದು, ಪೈಪು ಅಪ್ಪನದು ಎಂದಾಗಿ ಇಬ್ಬರ ಮರ್ಯಾದೆಯೂ ಉಳಿಯಿತು.

ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ರಾಮಾಂಜಿನಿ ಹೇಳಿದ: “ಒಂದು ಮಾತು ಕೇಳ್ರಿ. ಇದು ಕುಸಿದ ಹಿಂಭಾಗ ಎತ್ತತೈತಿ, ಅಷ್ಟ. ಗಾಡಿ ಇಷ್ಟು ತೂಕ ಹೊರಬೇಕಂತ ಪಾಸಿಂಗ್ ಏನೈತಿ, ಅದು ಒಂದು ಸೇರೂ ಹೆಚ್ಚಾಗಂಗಿಲ್ಲ.”

ಮೂವರೂ ತಲೆ ಆಡಿಸಿದರು. ತಲೆ ಆಡಿಸುವುದಕ್ಕೆ ಖರ್ಚಿಲ್ಲ ನೋಡಿ.

ಮನೆಗೆ ಬಂದು ಮತ್ತೆ ಸಾಮಾನು ಹೇರಿ ಗಾಳಿ ತುಂಬಿದರು. ಏನಾಶ್ಚರ್ಯ! ಹಿಂಭಾಗ ಮೆಲ್ಲಗೆ ಎದ್ದು, ಗಾಡಿ ಮದುವಣಗಿತ್ತಿಯ ಹಾಗೆ ನೆಟ್ಟಗೆ ನಿಂತಿತು. ದುರ್ಗಾದೇವಿ ಸೆರಗು ಸಿಕ್ಕಿಸಿಕೊಂಡು ಒಂದು ಸುತ್ತು ಹಾಕಿ ನೋಡಿದಳು.

“ಇಷ್ಟು ಹೇರಿದ್ರೂ ಏನೂ ಆಗಿಲ್ಲಲ್ಲ! ಇನ್ನಾ ಹಿಡೀತೈತಿ,” ಎಂದು ಒಳಗೆ ಹೋಗಿ ರುಬ್ಬುವ ಕಲ್ಲನ್ನೇ ಹೊರಡಿಸಿದಳು.

“ಅತ್ತಿ, ಕಲ್ಲು ಯಾಕ್ರಿ?”

“ಅಲ್ಲಿ ಮಿಕ್ಸಿಗೆ ಕರೆಂಟು ನಿಮ್ಮಪ್ಪ ಕೊಡ್ತಾನೇನು? ಚಟ್ನಿ ಇಲ್ದ ನಿಮ್ಮ ಮಾವ ಉಂಬಂಗಿಲ್ಲ.”

ಮೊದಲಾದರೆ ಕುಸಿದ ಹಿಂಭಾಗವೇ ಸಾಕು ಎಂದು ಹೇಳುತ್ತಿತ್ತು. ಈಗ ಹೇಳುವವರೇ ಇಲ್ಲದಂತಾಯಿತು. ಕಲ್ಲಿನ ಹಿಂದೆ ಕಬ್ಬಿಣದ ಹಂಚು ಬಂತು, ಹಂಚಿನ ಹಿಂದೆ ಜೋಳದ ಹಿಟ್ಟು, ಅದರ ಹಿಂದೆ ಉಪ್ಪಿನಕಾಯಿಯ ಜಾಡಿಗಳು. ಹುಲಿಗೇಶನೂ ಇರಲಿ ಎಂದು ಇನ್ನೊಂದು ಸ್ಟೆಪ್ನಿ ಕಟ್ಟಿದ. ಪ್ರತಿ ಸಲವೂ ಇಷ್ಟು ಗಾಳಿ ತುಂಬುವುದು, ಗಾಡಿ ನೆಟ್ಟಗಾಗುವುದು, ಎಲ್ಲರೂ ಖುಷಿಪಡುವುದು.

ಮುಂದಿನ ಭಾನುವಾರ ಪರೀಕ್ಷೆಯ ಓಟಕ್ಕೆಂದು ಐವರೂ ಹೇರಿದ ಗಾಡಿಯಲ್ಲೇ ಸಿರುಗುಪ್ಪದ ಆಚೆ ಕರೂರಿಗೆ ಹೋದರು. ಅಲ್ಲಿ ದುರ್ಗಾದೇವಿಯ ಅಕ್ಕ ಅಕ್ಕನಾಗಮ್ಮನ ಮನೆ. ನೀರಾವರಿಯ ಊರು; ಆ ಕಡೆಯ ನೆಂಟರು ದೂರ ಹೊರಟವರ ಗಾಡಿಗೆ ಅಕ್ಕಿ ಹೇರದೆ ಕಳಿಸುವುದಿಲ್ಲ, ಹೇರಿದ್ದನ್ನು ಬೇಡವೆಂದರೆ ನೆಂಟಸ್ತನವೇ ಬೇಡವೆಂದ ಹಾಗೆ. ಅಕ್ಕನಾಗಮ್ಮ ಬಿರಿಯುವ ಹಾಗೆ ತುಂಬಿದ ಸೋನಾ ಅಕ್ಕಿಯ ಮೂಟೆ ತಾನೇ ನಿಂತು ಹೇರಿಸಿದಳು.

“ಹೊಸ ಅಕ್ಕಿ ಅಲ್ಲವ್ವ, ಹಳೇದು. ಹಿಮದಾಗ ನನ್ನ ನೆನೆಸಿ ಉಣ್ಣರಿ.”

ವಾಪಸ್ಸು ಬರುವಾಗ ಕಾಲುವೆಯ ಸೇತುವೆ ಹತ್ತಿ ಇಳಿದದ್ದೇ ತಡ, ಹಿಂದೆ ಧಡ್ ಎಂಬ ಶಬ್ದವಾಯಿತು. ಹುಲಿಗೇಶ್ ಗಾಡಿ ನಿಲ್ಲಿಸಿದ. ಉಚ್ಚೆಂಗೆಪ್ಪ ಧೋತರ ಮೇಲೆತ್ತಿ ಗಾಡಿಯ ಕೆಳಗೆ ತೂರಿದ. ಎಷ್ಟೋ ಹೊತ್ತು ಬರಲಿಲ್ಲ. ಬಂದಾಗ ಮುಖ ಸಣ್ಣಗಾಗಿತ್ತು.

“ಚೀಲದ ಮ್ಯಾಲಿನ ಬ್ರಾಕೆಟ್ ಬಾಗೇತಿ. ಚಾಸಿ ಮ್ಯಾಲೆ ಬಣ್ಣ ಎದ್ದೈತಿ. ಇನ್ನೊಂದು ಗುಂಡಿ ಬಿದ್ದಿದ್ರ ಚಾಸಿನೇ ಬಾಗ್ತಿತ್ತು.” ಮಗನ ಮುಖ ನೋಡಿದ. “ಪಾಟಾ ಆದ್ರ ಭಾರಾನ ಎರಡು ತುದಿಗೆ ಹಂಚತೈತಿ. ಇದು ನಡುವ ಒಂದ ಕಡೆ ಒದೀತೈತಿ. ಎಷ್ಟು ಹೇರೀವೋ ಏನೋ. ಸಿರುಗುಪ್ಪದಾಗ ಕಾಟಾ ಹಾಕ್ಸೋಣು ನಡಿ, ಮೆಲ್ಲಕ.”

ಸಿರುಗುಪ್ಪದ ಅಕ್ಕಿ ಮಿಲ್ಲಿನ ಹೊರಗೆ ಲಾರಿ ತೂಗುವ ಕಾಟಾ ಇತ್ತು. ಗಾಡಿ ಹಲಗೆ ಹತ್ತಿದ ಕೂಡಲೇ ಉಚ್ಚೆಂಗೆಪ್ಪ ಎಲ್ಲರನ್ನೂ ಇಳಿಸಿದ. ನಲವತ್ತು ವರ್ಷದ ಅಭ್ಯಾಸ. ಕಾಟಾ ಬಂದರೆ ಮನುಷ್ಯರು ಇಳಿಯಬೇಕು. ಅಂಕಿ ನೋಡಿ ಅವನಿಗೆ ಜೀವ ಬಂತು.

“ಪಾಸಿಂಗಿಗಿಂತ ಚೂರು ಹೆಚ್ಚೈತಿ, ಅಷ್ಟ. ಏನಿಲ್ಲ, ಏನಿಲ್ಲ.”

“ಮಾವಾ,” ಎಂದಳು ಶಶಿರೇಖಾ, ಬಿಸಿಲಿಗೆ ಸೆರಗು ಹೊದ್ದು ನಿಂತಲ್ಲಿಂದಲೇ. “ನಾವು ಐದೂ ಮಂದಿ ಇಲ್ಲಿ ಕೆಳಗ ನಿಂತೀವಲ್ರಿ.”

ಉಚ್ಚೆಂಗೆಪ್ಪ ಅಂಕಿಯನ್ನೂ ಕೆಳಗೆ ನಿಂತವರನ್ನೂ ಬಾರಿ ಬಾರಿಗೆ ನೋಡಿದ. ಬರೀ ಸಾಮಾನೇ ಗಾಡಿಯ ಮಿತಿ ದಾಟಿತ್ತು. ಹುಲಿಗೇಶ್ ಗುಂಡಿ ತಪ್ಪಿಸುತ್ತ ಗಾಡಿಯನ್ನು ಮೆಲ್ಲಗೆ ಮನೆಗೆ ತಂದ.

ಮರುದಿನ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ಮುಂದೆ ಮಾತು ಶುರುವಾಯಿತು.

“ರಾಮಾಂಜಿನಿ ಬ್ರಾಕೆಟ್ ಬದಲು ಮಾಡಿ ಕೊಡ್ತಾನಂತ. ಆದ್ರ ತೂಕ ಇಳೀಲೇಬೇಕಂತ,” ಎಂದ ಹುಲಿಗೇಶ್. “ಸ್ಟೆಪ್ನಿ ಒಂದ ಸಾಕು. ಡ್ರಮ್ ಖಾಲಿ ಒಯ್ಯೋಣು, ನೀರು ಅಲ್ಲಲ್ಲಿ ಸಿಗತೈತಿ. ಕಲ್ಲು ತೆಗಿಯವ್ವ.”

“ಕಲ್ಲು ತೆಗೀತೀನಿ. ಅಕ್ಕಿ ಮಾತ್ರ ಮುಟ್ಟಬ್ಯಾಡ. ಅಕ್ಕ ಹೇರಿದ ಮೂಟಿ ಇಳಿಸಿದ್ರ ಆಕಿ ಸಾಯೋತನಕ ನನ್ನ ಮಕ ನೋಡಂಗಿಲ್ಲ. ಹಿಟ್ಟು, ಜಾಡಿ ಬಿಟ್ರ ದಿನಾ ಹೋಟೆಲ್ ಕೂಳು ತಿಂತೀರೇನು?”

“ಹಂಗಾರ ತೂಕ ಕೂಡಂಗಿಲ್ಲ,” ಎಂದ ಉಚ್ಚೆಂಗೆಪ್ಪ, ಮಿರ್ಚಿ ಮುರಿಯುತ್ತ. “ಒಬ್ಬರು ಉಳೀಬೇಕಾಗ್ತೈತಿ.”

ಅವನು ಯಾರ ಹೆಸರೂ ಹೇಳಲಿಲ್ಲ. ಹೆಸರು ಹೇಳುವ ಕೆಲಸ ದುರ್ಗಾದೇವಿ ಮಾಡಿದಳು, ಸಿಟ್ಟಿನಿಂದಲ್ಲ, ಬಹಳ ಸಮಾಧಾನದಿಂದ. “ಹೆಂಗೂ ನಲ್ಲಿ ನೀರಿಗೆ ಯಾರಾರ ಮನ್ಯಾಗ ಇರಬೇಕಲ್ಲ. ಬಿಡೋದು ವಾರಕ್ಕೋ ಹತ್ತು ದಿನಕ್ಕೋ. ಆ ದಿನ ತೊಟ್ಟಿ ತುಂಬದಿದ್ರ ಬಂದ ಮ್ಯಾಲೆ ಕುಡಿಯಾಕೂ ಇರಂಗಿಲ್ಲ. ಶಶಿ ಸಣ್ಣಾಕಿ, ಆಕಿಗೆ ಮುಂದಿನ ವರ್ಷ ಐತಿ. ನಮಗ ಇನ್ನೆಷ್ಟು ವರ್ಷ ಅದಾವು?”

ಶಶಿರೇಖಾ ಗಂಡನ ಕಡೆ ನೋಡಿದಳು. ಅವನು ತಟ್ಟೆಯಲ್ಲಿನ ಹಸಿಮೆಣಸಿನಕಾಯಿ ಆರಿಸಿ ಬದಿಗಿಡುತ್ತಿದ್ದ.

“ಆಗ್ಲಿ ಅತ್ತಿ,” ಎಂದು ಎದ್ದು ಕೈ ತೊಳೆದು, ಕುರುಗೋಡಿನ ಬಸ್ಸಿಗೆ ಹೊರಟುಹೋದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅತ್ತೆಯ ಮಾತಿಗಿಂತ ಗಂಡನ ಮೌನ ಅವಳನ್ನು ಹೆಚ್ಚು ಉರಿಸಿತ್ತು. ಅತ್ತೆಯಾದರೂ ಬಾಯಿಬಿಟ್ಟು ಕಾರಣ ಹೇಳಿದ್ದಳು.

ಆ ವಾರ ಮನೆಯಲ್ಲಿ ಜಗಳವೇ ಆಗಲಿಲ್ಲ. ಓಣಿಯವರು ಇವರಿಗೆಲ್ಲ ಜ್ವರವೇನೋ ಅಂದುಕೊಂಡರು. ಶಶಿರೇಖಾ ಎದ್ದು ರೊಟ್ಟಿ ಬಡಿದಳು, ಪಾತ್ರೆ ತೊಳೆದಳು, ನೀರು ಬಂದ ದಿನ ತೊಟ್ಟಿ ತುಂಬಿದಳು, ಕೇಳಿದ್ದಕ್ಕೆ ಹೂಂ ಅಂದಳು. ಅಷ್ಟೇ.

“ಅಮ್ಮ ಬರಲಿಲ್ಲಂದ್ರ ನಾನೂ ಬರಂಗಿಲ್ಲ,” ಎಂದಳು ಪೂಜಿತಾ ಒಂದು ದಿನ.

“ಬ್ಯಾಡ ಬಿಡು, ಗಾಡಿ ಇನ್ನಾ ಹಗುರಾತು,” ಎಂದು ದುರ್ಗಾದೇವಿ ಸಿಡುಕಿದಳು. ಸಿಡುಕಿದ ಮೇಲೆ ತನ್ನ ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟಳು.

ಶನಿವಾರ ಮಧ್ಯಾಹ್ನ ಶಶಿರೇಖಾ ಸಾಲೆಯಿಂದ ಬಂದು ಪುಂಡಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಹುಲಿಗೇಶ್ ಅಡುಗೆಮನೆಗೆ ಬಂದ. ತಾನೂ ಒಂದು ಕಟ್ಟು ಎಳೆದುಕೊಂಡ.

“ನಾನೂ ಹೋಗಂಗಿಲ್ಲ ಬಿಡು ಶಶಿ.”

“ನೀವು ಹೋಗದಿದ್ರ ಗಾಡಿ ಯಾರು ಓಡಸ್ತಾರ? ಇಲ್ಲಿ ಕುಂತು ನನ್ನ ಮಕ ನೋಡೋದು ಬ್ಯಾಡ. ಅವತ್ತು ಒಂದು ಮಾತಾಡಿದ್ರ ಸಾಕಿತ್ತು.”

“ಮಾತಾಡಬೇಕಿತ್ತು. ತಪ್ಪಾತು. ಆದ್ರ ಏನು ಹೇಳ್ಲಿ? ತೂಕದ ಲೆಕ್ಕ ಲೆಕ್ಕಾನ ಅಲ್ಲ?”

“ಲೆಕ್ಕಾನ ತಪ್ಪೈತ್ರಿ!” ಶಶಿರೇಖಾಳ ದನಿ ಎದ್ದಿತು. ಒಂದು ವಾರದ್ದು ಒಟ್ಟಿಗೇ ಎದ್ದಿತು. “ಮೊದ್ಲು ಮೂಟಿ ಹೇರ್ತೀರಿ, ಉಳಿದ ತೂಕದಾಗ ಮನಷ್ಯಾರು ಎಷ್ಟು ಹಿಡೀತಾರಂತ ನೋಡ್ತೀರಿ. ಇದೇನು ಅದಿರಿನ ಲಾರಿನಾ? ಹೊಂಟಿರೋದು ಯಾರು, ನಾವಾ, ಅಕ್ಕಿನಾ? ಮೊದ್ಲು ಐದು ಮಂದೀನ ತೂಗ್ರಿ. ಆಮ್ಯಾಲೆ ಏನು ಉಳೀತೈತೋ ಅದಕ್ಕ ಸಾಮಾನು ಹೇರ್ರಿ. ಅಕಸ್ಮಾತ್ ನನ್ನ ತೂಕ ಹೆಚ್ಚಾದ್ರ ನಾನ ಇಳೀತೀನಿ, ಯಾರೂ ಹೇಳೋದು ಬ್ಯಾಡ.”

ಈ ಮಾತು ಪಡಸಾಲೆ ದಾಟಿ ಕಟ್ಟೆಗೆ ತಲುಪಿತು. ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ ಉಚ್ಚೆಂಗೆಪ್ಪ ಕಡ್ಡಿ ಆರಿಸಿದ. ಅಲ್ಲಿಂದಲೇ ಕೂಗಿದ.

“ಹುಲಿಗೀ! ಗಾಡಿಯಿಂದ ಎಲ್ಲಾ ಇಳಸು. ಒಂದು ಚಮಚಾನೂ ಬಿಡಬ್ಯಾಡ. ನಾಳೆ ಸಿರುಗುಪ್ಪಕ್ಕ ಹೋಗೋಣು.”

ಮರುದಿನ ಖಾಲಿ ಗಾಡಿಯಲ್ಲಿ ಐವರೂ ಮಿಲ್ಲಿನ ಕಾಟಾ ಹತ್ತಿದರು. ಕಾಟಾದವನು ಕಿಟಕಿಯಿಂದ ಕೂಗಿದ: “ಎಲ್ಲಾರೂ ಇಳೀರ್ರಿ!” ಉಚ್ಚೆಂಗೆಪ್ಪನ ಕೈ ತಾನಾಗಿಯೇ ಬಾಗಿಲಿಗೆ ಹೋಯಿತು.

“ಕುಂದರ್ರಿ ಮಾವ,” ಎಂದಳು ಶಶಿರೇಖಾ. “ಅಣ್ಣಾರ, ನಾವು ಇಳಿಯಂಗಿಲ್ಲ. ನಮ್ಮನ್ನ ತೂಗ್ರಿ.”

“ಹಂಗೆಲ್ಲಾ ಬರಂಗಿಲ್ಲಕ್ಕ. ಮಾಲು ಏನಂತ ಬರಕೊಳ್ಳಲಿ ನಾನು? ನೆಲ್ಲಾ, ತವುಡಾ?”

“ಮನಿ ಮಂದಿ ಅಂತ ಬರಕಳಪ್ಪ,” ಎಂದ ಉಚ್ಚೆಂಗೆಪ್ಪ.

ಕಾಟಾದವನು ನಗುತ್ತ ಗುಂಡಿ ಒತ್ತಿದ. ಉಚ್ಚೆಂಗೆಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಐವರೂ ಕೂತು, ಡೇರೆ, ಹಾಸಿಗೆ, ಸ್ಟವ್ವು, ಸಿಲಿಂಡರು, ಒಂದು ಸ್ಟೆಪ್ನಿ ಧಾರಾಳವಾಗಿ ಹಿಡಿಯುತ್ತಿದ್ದವು. ಅದರ ಮೇಲೆ ಉಳಿಯುವುದು ಒಂದು ಕೈಚೀಲದಷ್ಟು. ಮೂಟೆಯ ಮಾತೇ ಇರಲಿಲ್ಲ.

ಯಾರೂ ದುರ್ಗಾದೇವಿಯ ಕಡೆ ನೋಡಲಿಲ್ಲ. ನೋಡದೇ ಇರುವುದೇ ಅವಳಿಗೆ ಚುಚ್ಚಿತು. ಮಗ್ಗುಲಲ್ಲಿ ಕೂತ ಸೊಸೆ ಮಡಿಲಲ್ಲಿ ಕೈ ಬಿಗಿಯಾಗಿ ಹೆಣೆದುಕೊಂಡಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗಿಯ ಹಾಗೆ.

“ಕರೂರಿಗೆ ನಡಿ ಹುಲಿಗಿ,” ಎಂದಳು ದುರ್ಗಾದೇವಿ. “ಅಕ್ಕಗ ನಾನ ಹೇಳ್ತೀನಿ.”

ಮೂಟೆ ಬಳ್ಳಾರಿಯಲ್ಲೇ ಇತ್ತು. ಹೊರಬೇಕಾದದ್ದು ಮಾತು ಮಾತ್ರ. ಅದೇ ಅವಳಿಗೆ ದೊಡ್ಡ ಭಾರವಾಗಿತ್ತು. ಅಕ್ಕನಾಗಮ್ಮ ನೀರು ಕೊಟ್ಟು, ಚಹಾ ಕೊಟ್ಟು, ಕೇಳಿಸಿಕೊಂಡಳು. ಅಕ್ಕಿ ಒಯ್ಯುವುದಿಲ್ಲವೆಂಬಲ್ಲಿಗೆ ಮುಖ ಗಂಟಿಕ್ಕಿತು.

“ನನ್ನ ಅಕ್ಕಿ ನಿಮಗ ಹೆಚ್ಚಾತೇನೇ?”

“ಹಂಗಲ್ಲಕ್ಕಾ. ಅದನ್ನ ಒಯ್ದ್ರ ಶಶೀನ ಬಿಟ್ಟು ಹೋಗ್ಬೇಕಾಗ್ತೈತಿ. ನಾನು…” ದುರ್ಗಾದೇವಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ನಾನು ಬಿಟ್ಟ ಹೋಗೋಣು ಅಂದೆ.”

ಅಕ್ಕನಾಗಮ್ಮ ಚಹಾದ ಲೋಟ ಕುಕ್ಕಿದಳು. “ಹುಚ್ಚಿ ಅದೀಯೇನು? ನನ್ನ ಅಕ್ಕಿ ಕುಂದ್ರಸಾಕ ಮನಿ ಸೊಸೀನ ಇಳಸಿದಿ ಅಂತ ಊರಾಗ ಗೊತ್ತಾದ್ರ ನನ್ನ ಮಕಕ್ಕ ಉಗೀತಾರ. ಮೂಟಿ ಅಲ್ಲೇ ಇರ್ಲಿ. ನೀವು ಬರೋತನಕ ನಾನ ಬಂದು ನಿಮ್ಮನ್ಯಾಗ ಇರ್ತೀನಿ. ಅದ ಅಕ್ಕಿ ಉಂತೀನಿ, ನಿಮ್ಮ ನಲ್ಲಿ ನೀರೂ ಹಿಡೀತೀನಿ. ನನಗೂ ಈ ಮನಿಯಿಂದ ನಾಲ್ಕು ದಿನ ಬಿಡುಗಡಿ ಬೇಕಾಗೇತಿ.”

ಎಲ್ಲರೂ ಒಟ್ಟಿಗೇ ನಕ್ಕರು. ಶಶಿರೇಖಾ ಮಾತ್ರ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಆಮೇಲೆ ಮನೆಯಲ್ಲಿ ಜಗಳ ಮತ್ತೆ ಜೋರಾಯಿತು, ಓಣಿಗೂ ನೆಮ್ಮದಿಯಾಯಿತು. ದುರ್ಗಾದೇವಿಗೆ ಈಗ ಹಗುರದ ಹುಚ್ಚು. ಖಡಕ್ ರೊಟ್ಟಿ ತೂಕವಿಲ್ಲ, ಮಂಡಕ್ಕಿ ತೂಕವಿಲ್ಲ, ಶೇಂಗಾ ಪುಡಿ, ಗುರೆಳ್ಳು ಪುಡಿ ಒಂದೊಂದು ಪೊಟ್ಟಣ ಸಾಕು. ಗಂಡನ ಬೀಡಿ ಕಟ್ಟುಗಳನ್ನೂ ತೂಕದ ನೆಪ ಹೇಳಿ ಇಳಿಸಿದಳು. ಸಿಲಿಂಡರನ್ನು ಹಿಂದಿನ ಅಚ್ಚಿಗಿಂತ ಮುಂದಕ್ಕೆ, ಸೀಟಿನ ಬೆನ್ನಿಗೆ ಆನಿಸಿ ಕಟ್ಟಿಸಿದವನು ಉಚ್ಚೆಂಗೆಪ್ಪ. ಬಾಲದ ಕಡೆ ಭಾರ ಕಡಿಮೆಯಾದಷ್ಟೂ ಚಾಸಿಗೆ ಒಳ್ಳೆಯದು. ರಾಮಾಂಜಿನಿ ಹೊಸ ಬ್ರಾಕೆಟ್ ಹಾಕಿಕೊಟ್ಟ; ಚೀಲಗಳಿಗೆ ಈಗ ಸ್ವಲ್ಪವೇ ಗಾಳಿ ಸಾಕಾಯಿತು. ಮೇ ತಿಂಗಳ ಒಂದು ಬೆಳಿಗ್ಗೆ ಅಕ್ಕನಾಗಮ್ಮ ಕಟ್ಟೆಯ ಮೇಲೆ ನಿಂತು ಕೈ ಬೀಸಿದಳು, ಗಾಡಿ ಹೊರಟಿತು.

ದಾರಿಯಲ್ಲಿ ಎರಡು ಸಲ ಮುನಿಸು, ಒಂದು ಸಲ ಹೊಟ್ಟೆನೋವು, ಒಂದು ಪಂಕ್ಚರು. ಆರನೆಯ ದಿನವೋ ಏಳನೆಯ ದಿನವೋ, ಗುಡ್ಡದ ದಾರಿ ಸುತ್ತಿ ಸುತ್ತಿ ಹತ್ತಿ ಒಂದು ತಿರುವು ದಾಟಿದರೆ, ರಸ್ತೆಯ ಎರಡೂ ಕಡೆ ಹಿಮ. ಹುಲಿಗೇಶ್ ಗಾಡಿ ನಿಲ್ಲಿಸಿದ್ದೇ ಪೂಜಿತಾ ಹಾರಿ ಇಳಿದಳು. ಉಚ್ಚೆಂಗೆಪ್ಪ ಧೋತರದಲ್ಲೇ ಇಳಿದು “ಅಯ್ಯಪ್ಪಾ!” ಎಂದು ಕೂಗಿದ. ದುರ್ಗಾದೇವಿ ಒಂದು ಹಿಡಿ ಎತ್ತಿಕೊಂಡು, ಕೈ ಸುಟ್ಟವಳ ಹಾಗೆ ಬಿಟ್ಟು, ಮತ್ತೆ ಎತ್ತಿಕೊಂಡಳು.

ಆಮೇಲೆ ತಿರುಗಿ ನೋಡಿದಳು. ಸೊಸೆ ಇನ್ನೂ ಗಾಡಿಯಲ್ಲೇ ಕೂತಿದ್ದಳು. ತೆರೆದ ಬಾಗಿಲಿಂದ ನೋಡುತ್ತಿದ್ದಳು, ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ದುರ್ಗಾದೇವಿ ಜಾರುವ ಚಪ್ಪಲಿಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ವಾಪಸ್ಸು ಬಂದು ಅವಳ ಕೈ ಹಿಡಿದಳು. ಮುದುಕಿಯ ಕೈ ತಣ್ಣಗೆ ಒದ್ದೆಯಾಗಿತ್ತು.

“ಇಳಿಯವ್ವ,” ಎಂದಳು. “ನಿನ್ನ ಮನ್ಯಾಗ ಬಿಟ್ಟು ಬಂದಿದ್ರ, ತಿರುಗಿ ಹೋಗಿ ಇದನ್ನ ನಿನಗ ಹೆಂಗ ಹೇಳ್ತಿದ್ದೆ ನಾನು? ನನಗ ಹೇಳಾಕ ಬರಂಗಿಲ್ಲ.”

ಶಶಿರೇಖಾ ಇಳಿದಳು. ಒಬ್ಬರನ್ನೊಬ್ಬರು ಹಿಡಿದುಕೊಂಡು, ಜಾರುತ್ತ, ನಗುತ್ತ, ಇಬ್ಬರೂ ಹಿಮದೊಳಗೆ ನಡೆದರು.